ಬೇಲಿಯಿಲ್ಲದ ಗೋಮಾಳ, ಬೀಗ ಹಾಕಿದ ಬಾವಿ



ಗೋಮಾಳ ಊರಿನವರೆಲ್ಲರದು. ಆದರೆ ಅದರ ನಡುವಿನ ಬಾವಿಗೆ ಒಬ್ಬ ಸಾಹುಕಾರನ ಬೀಗವಿದ್ದರೆ, ದನ ಮೇಯಿಸುವವನ ಸ್ವಾತಂತ್ರ್ಯ ಎಷ್ಟು ಹೊತ್ತಿನದು? ಆಂಡ್ರಾಯ್ಡ್ ಮೊಬೈಲುಗಳ ಕಥೆಯೂ ಹೆಚ್ಚುಕಡಿಮೆ ಇಂಥದೇ.

2007ರ ನವೆಂಬರಿನಲ್ಲಿ ಗೂಗಲ್ ಹಾಗೂ ಅದರೊಡನೆ ಕೂಡಿದ ಕಂಪನಿಗಳು ಆಂಡ್ರಾಯ್ಡನ್ನು ಘೋಷಿಸಿದವು. ಮರುವರ್ಷ ಅದರ ಆಕರ ಸಂಕೇತವನ್ನು ಯಾರು ಬೇಕಾದರೂ ಓದುವಂತೆ, ತಿದ್ದುವಂತೆ ತೆರೆದಿಡಲಾಯಿತು. ಅದರ ತಿರುಳಾದ ಲಿನಕ್ಸಿನ ಪರವಾನಗಿ ಕಟ್ಟುನಿಟ್ಟಿನದು: ತಿದ್ದಿ ಹಂಚುವವನು ತನ್ನ ತಿದ್ದುಪಡಿಯನ್ನೂ ಪಡೆದವರಿಗೆ ಒಪ್ಪಿಸಬೇಕು. ಉಳಿದ ಬಹುಭಾಗಕ್ಕೆ ಗೂಗಲ್ ಆರಿಸಿದ ಅಪಾಚೆ ಪರವಾನಗಿಯಲ್ಲಿ ಈ ಕಟ್ಟುಪಾಡಿಲ್ಲ. ತಮ್ಮ ಗುಟ್ಟನ್ನು ಪ್ರತಿಸ್ಪರ್ಧಿಗೆ ಬಿಟ್ಟುಕೊಡಲು ಒಲ್ಲದ ತಯಾರಕರಿಗೆ ಇದು ಹಿತವಾಯಿತು. ಅವರು ಬಾರದೇ ಹೋಗಿದ್ದರೆ ಆಂಡ್ರಾಯ್ಡ್ ಹವ್ಯಾಸಿಗಳ ಮೇಜಿನ ಮೇಲೆಯೇ ಉಳಿಯುತ್ತಿತ್ತೇನೋ. ವ್ಯಾಪಾರವೆಂದರೆ ಪಾಪವೆಂದು ಬಗೆಯುವವರು ಇದನ್ನು ಮರೆಯಲಾಗದು.

ಬೀಗವಿದ್ದುದು ಬೇರೆಡೆ. ಪ್ಲೇ ಸ್ಟೋರ್ ಮುಕ್ತವಲ್ಲ. ಅದು ಬೇಕೆಂಬ ತಯಾರಕನು ಆಂಡ್ರಾಯ್ಡಿನ ಬೇರೆ ಕವಲುಗಳನ್ನು ಮಾರುವುದಿಲ್ಲವೆಂದು ಕರಾರು ಬರೆದುಕೊಡಬೇಕಿತ್ತು. ಕಾಗದದ ಮೇಲಿನ ಸ್ವಾತಂತ್ರ್ಯ ಅಲ್ಲಿಗೆ ಮುಗಿಯಿತು. ಇಂಥ ಷರತ್ತುಗಳಿಗಾಗಿ 2018ರಲ್ಲಿ ಐರೋಪ್ಯ ಆಯೋಗವು 434 ಕೋಟಿ ಯೂರೋ ದಂಡ ವಿಧಿಸಿತು. 2022ರಲ್ಲಿ ಅಲ್ಲಿಯ ನ್ಯಾಯಾಲಯ ಅದನ್ನು 412.5 ಕೋಟಿಗೆ ಇಳಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗವೂ 1,337.76 ಕೋಟಿ ರೂಪಾಯಿ ದಂಡ ಹಾಕಿತು.

ಪರಿಸರದ ಪ್ರಶ್ನೆ ಎದ್ದು ನಿಲ್ಲುವುದು ಇನ್ನೊಂದು ಬೀಗದ ಬಳಿ. ಫೋನಿನ ಚಿಪ್ಪನ್ನು ನಡೆಸುವ ತಂತ್ರಾಂಶದ ಹಲವು ತುಣುಕುಗಳು ಚಿಪ್ಪಿನ ಕಂಪನಿಯ ಕೈಯಲ್ಲೇ ಇರುತ್ತವೆ. ಹೊಸ ಚಿಪ್ಪು ಮಾರುವ ಕಂಪನಿಗೆ ಹಳೆಯದನ್ನು ಸಲಹುವುದರಲ್ಲಿ ಲಾಭವಿಲ್ಲ. ಅದು ಕೈಬಿಟ್ಟೊಡನೆ ಪರದೆ, ಬ್ಯಾಟರಿ ಎಲ್ಲ ಸರಿಯಿದ್ದರೂ ಸುರಕ್ಷತೆಯ ಪರಿಷ್ಕರಣೆ ನಿಲ್ಲುತ್ತದೆ. ಗಣಿಯಿಂದ ಅಗೆದು ತಂದ ತಾಮ್ರ, ಕೋಬಾಲ್ಟು, ಚಿನ್ನ ಕಸದ ಬುಟ್ಟಿಯ ದಾರಿ ಹಿಡಿಯುತ್ತವೆ.

ನೆದರ್ಲೆಂಡಿನ ಫೇರ್‌ಫೋನ್ ಕಂಪನಿ 2015ರಲ್ಲಿ ತನ್ನ ಎರಡನೆಯ ಫೋನನ್ನು ಮಾರುಕಟ್ಟೆಗೆ ತಂದಿತು. ಚಿಪ್ಪು ತಯಾರಿಸಿದ ಕ್ವಾಲ್ಕಾಮ್ ಆಂಡ್ರಾಯ್ಡಿನ 6ನೆಯ ಆವೃತ್ತಿಗೇ ನಿಂತುಬಿಟ್ಟಿತು. ಫೇರ್‌ಫೋನ್ ಬಿಡಲಿಲ್ಲ, ಲಿನಿಯೇಜ್ ಎಂಬ ಮುಕ್ತ ಕವಲಿನ ಸ್ವಯಂಸೇವಕರ ದುಡಿಮೆಯ ನೆರವಿನಿಂದ ಅದೇ ಫೋನನ್ನು 2023ರವರೆಗೆ ನಡೆಸಿತು. ಬಿಡುಗಡೆಯ ಹೊತ್ತಿಗೆ ಅದರ ಬೆಲೆ 500 ಯೂರೋಗೂ ಮೇಲಿತ್ತು. ಹಳ್ಳಿಯ ಕೂಲಿಕಾರನಿಗೆ ಅಷ್ಟು ದೀರ್ಘಾಯುಷ್ಯದ ಫೋನು ಅಗ್ಗವಾಗಿ ದೊರೆಯುವ ವ್ಯಾಪಾರವನ್ನು ಇನ್ನೂ ಯಾರೂ ಕಟ್ಟಿ ತೋರಿಸಿಲ್ಲ.