ಯಂತ್ರ ಉಳಿಸಿದ ಸಮಯ ಯಾರದು?

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಸಾರ)



ನಮ್ಮ ಕರಾವಳಿಯ ಎಷ್ಟೋ ಮಕ್ಕಳು ತಾಯಂದಿರು ಬೀಡಿ ಕಟ್ಟಿದ ದುಡ್ಡಿನಿಂದ ಓದಿದವರು. ಸಾವಿರ ಬೀಡಿಗೆ ಇಷ್ಟೆಂದು ಆ ತಾಯಿಗೆ ಮಜೂರಿ. ಅದೇ ಬೀಡಿಗೆ ಅಂಗಡಿಯಲ್ಲಿ ಬೆಲೆ ಬೇರೆ. ನಡುವಿನ ಲಾಭ ಎಲ್ಲಿಂದ ಹುಟ್ಟಿತು? ಎಡಪಂಥೀಯ ಅರ್ಥಚಿಂತನೆಯ ತಳದಲ್ಲಿರುವುದು ಇದೇ ಪ್ರಶ್ನೆ.

ಇದು ನಮಗೆ ಹೊಸದೇನಲ್ಲ. ಟ್ಯುನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ 1377ರಲ್ಲಿ ರಚಿಸಿದ 'ಮುಖದ್ದಿಮ'ದಲ್ಲಿ, ಮನುಷ್ಯನ ಗಳಿಕೆಗೆ ದುಡಿಮೆಯೇ ಮೂಲವೆಂದು ವಿವರಿಸಿದ್ದರು. 1867ರಲ್ಲಿ ಕಾರ್ಲ್ ಮಾರ್ಕ್ಸ್ 'ಬಂಡವಾಳ'ದ ಮೊದಲ ಸಂಪುಟದಲ್ಲಿ ಹೇಳಿದ್ದು ಇಷ್ಟು: ಕಾರ್ಮಿಕ ತನ್ನ ಕೂಲಿಯಷ್ಟು ಮೌಲ್ಯವನ್ನು ದಿನದ ಒಂದು ಭಾಗದಲ್ಲೇ ಉತ್ಪಾದಿಸುತ್ತಾನೆ; ಉಳಿದ ಹೊತ್ತಿನ ದುಡಿಮೆ ಮಾಲೀಕನಿಗೆ ಹೆಚ್ಚುವರಿ ಮೌಲ್ಯವಾಗುತ್ತದೆ. ಧರ್ಮದ ಬಗ್ಗೆ ಮಾರ್ಕ್ಸ್ ಹೇಳಿದ್ದನ್ನು ನಾವು ಒಪ್ಪುವುದಿಲ್ಲ. ಆದರೆ ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಬೋಧಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ಈ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ.

ಯಂತ್ರ ಬಂದರೆ ದುಡಿಮೆಯ ಹೊತ್ತು ಕಡಿಮೆಯಾಗಬೇಕಲ್ಲವೇ? 1857-58ರ ತಮ್ಮ ಟಿಪ್ಪಣಿಗಳಲ್ಲಿ ಮಾರ್ಕ್ಸ್ ಇದನ್ನೇ ಚರ್ಚಿಸಿದರು. ಯಂತ್ರ ಉಳಿಸಿದ ಸಮಯ ಎಲ್ಲರದಾದರೆ ಅದು ಕಲಿಕೆಗೆ, ವಿರಾಮಕ್ಕೆ ಒದಗುತ್ತದೆ. ಕೆಲವರದೇ ಆದರೆ ಅದು ಅವರಿಗೆ ಲಾಭ, ಉಳಿದವರಿಗೆ ನಿರುದ್ಯೋಗ. ಬಂಡವಾಳಶಾಹಿಯ ನಂತರದ ಬದುಕು ಎಂದರೆ ಮುಖ್ಯವಾಗಿ ಈ ಸಮಯದ ಹಂಚಿಕೆ.

ಇದರ ಸಣ್ಣ ಮಾದರಿಯೊಂದು ನೆರೆಯ ಕಣ್ಣೂರಿನಲ್ಲಿತ್ತು. ಅಲ್ಲಿನ ಬೀಡಿ ಶಾಲೆಗಳಲ್ಲಿ ಒಬ್ಬರು ಪತ್ರಿಕೆ ಓದುತ್ತಿದ್ದರು, ಉಳಿದವರು ಕೇಳುತ್ತಾ ಬೀಡಿ ಕಟ್ಟುತ್ತಿದ್ದರು. ಓದಿದವರಿಗೆ ನಷ್ಟವಾಗದಂತೆ ಅವರ ಪಾಲಿನ ಬೀಡಿಯನ್ನು ಉಳಿದವರೇ ಕಟ್ಟಿಕೊಡುತ್ತಿದ್ದರು. 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಕೇರಳ ಜಾರಿಗೆ ತಂದಾಗ ಮಂಗಳೂರು ಮೂಲದ ಮಾಲೀಕರು ಅಲ್ಲಿನ ಕೆಲಸ ನಿಲ್ಲಿಸಿದರು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಅವರೇ ಸರಕಾರದ ನೆರವಿನಿಂದ 1969ರಲ್ಲಿ 'ದಿನೇಶ್ ಬೀಡಿ' ಸಹಕಾರ ಸಂಘ ಕಟ್ಟಿದರು. ಮುಂದೆ ಬೀಡಿಯ ಬೇಡಿಕೆ ಕುಗ್ಗಿದಾಗ ಸಂಘ ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪಿನತ್ತ ಹೊರಳಿತು.

ವಿದ್ಯಾರ್ಥಿಗಳೇ, ನಾಳೆ ನೀವು ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವಿರಿ. ಯಂತ್ರವನ್ನು ದೂರಬೇಡಿ, ಅದನ್ನು ಪೂಜಿಸಲೂ ಬೇಡಿ. ಅದು ಉಳಿಸಿದ ಸಮಯ ಯಾರ ಪಾಲಾಯಿತೆಂದು ಮಾತ್ರ ತಪ್ಪದೆ ಕೇಳಿ. ನೀವು ಓದಲು ಕುಳಿತ ಪ್ರತಿ ಗಂಟೆಯನ್ನೂ ಮನೆಯಲ್ಲಿ ಯಾರೋ ತಮ್ಮ ದುಡಿಮೆಯಿಂದ ಕೊಟ್ಟಿದ್ದಾರೆ. ಆ ಋಣ ನೆನಪಿರಲಿ.