ಚಲಿಸುವ ಮನೆಯಲ್ಲಿ ಮಗುವಿನ ಆಸನ



ಮನೆಯೆಂದರೆ ಒಂದೆಡೆ ನೆಲೆನಿಂತ ಆಸರೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸೇವೆಯಿಂದ ನಿವೃತ್ತವಾದ ಹಳದಿ ಶಾಲಾ ಬಸ್ಸುಗಳನ್ನು ಕೊಂಡು, ಒಳಗಿನ ಆಸನಗಳನ್ನು ಕಿತ್ತು, ಒಲೆ, ಮಂಚ, ನೀರಿನ ತೊಟ್ಟಿ ಮುಂತಾದವನ್ನು ಅಳವಡಿಸಿ ಅದರಲ್ಲಿಯೇ ಸಂಸಾರ ಹೂಡುವ ಕುಟುಂಬಗಳಿವೆ. ಆಡುಮಾತಿನಲ್ಲಿ ಇಂತಹ ಬಸ್ಸಿಗೆ ‘ಸ್ಕೂಲಿ’ ಎಂದು ಹೆಸರು. ನಿಂತಿರುವಾಗ ಅದು ಮನೆ. ಎಂಜಿನ್ ಚಾಲನೆಗೊಂಡ ಕ್ಷಣದಿಂದ ಅದು ವಾಹನ. ಈ ವ್ಯತ್ಯಾಸವನ್ನು ಮರೆತಲ್ಲಿ ಅದರ ಬೆಲೆಯನ್ನು ಮೊದಲು ತೆರಬೇಕಾದವರು ಮಕ್ಕಳು.

ಶಾಲಾ ಬಸ್ಸು ಸುಭದ್ರವಾದುದೆಂಬ ಖ್ಯಾತಿ ಆಧಾರರಹಿತವಲ್ಲ. ಅಲ್ಲಿ 1977ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮಾನಕದ ಪ್ರಕಾರ, ದೊಡ್ಡ ಶಾಲಾ ಬಸ್ಸುಗಳ ಆಸನಗಳು ಎತ್ತರದ ಬೆನ್ನೊರಗು ಹಾಗೂ ಮೆತ್ತನೆಯ ಹೊದಿಕೆಯನ್ನು ಹೊಂದಿದ್ದು, ಒಂದರ ಹಿಂದೊಂದು ಹತ್ತಿರ ಹತ್ತಿರವಾಗಿರಬೇಕು. ಬಸ್ಸು ಮುಂದಿನಿಂದ ಡಿಕ್ಕಿಗೊಳಗಾದಾಗ ಮಗು ಮುಂದಿನ ಆಸನದ ಬೆನ್ನಿಗೆ ತಾಗಿ, ಆ ಬೆನ್ನು ಬಾಗುತ್ತ ಹೊಡೆತವನ್ನು ಹೀರಿಕೊಳ್ಳುತ್ತದೆ. ಆಸನಗಳ ಸಾಲನ್ನು ಕಿತ್ತೊಡನೆ ಈ ರಕ್ಷಣೆಯೂ ಅವುಗಳೊಡನೆ ಹೊರಟುಹೋಗುತ್ತದೆ. ಉಳಿಯುವುದು ಬಸ್ಸಿನ ಹೆಸರು ಮತ್ತು ತಗಡಿನ ಹೊರಮೈ ಮಾತ್ರ.

ಹಾಗಾದರೆ ಮಗುವನ್ನು ಮಡಿಲಲ್ಲಿ ಕುಳ್ಳಿರಿಸಿಕೊಂಡರೆ ಸಾಲದೇ? ಲೆಕ್ಕ ಸರಳವಾಗಿದೆ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನವು ಡಿಕ್ಕಿಯಿಂದ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆಂದು ಭಾವಿಸೋಣ. ಆಗ 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 140 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕಾಗುತ್ತದೆ. ಅಜ್ಜಿಯ ತೋಳಿನಲ್ಲಿ ಪ್ರೀತಿಗೆ ಕೊರತೆಯಿಲ್ಲ; ಆದರೆ ಅಷ್ಟು ಬಲ ಯಾರ ತೋಳಿನಲ್ಲಿಯೂ ಇಲ್ಲ. ಆದುದರಿಂದ ಮಗುವಿಗೆ ಪ್ರತ್ಯೇಕ ಆಸನ, ಆ ಆಸನಕ್ಕೆ ಪಟ್ಟಿ, ಆ ಪಟ್ಟಿಗೆ ಭದ್ರವಾದ ಬುಡ ಇವು ಅನಿವಾರ್ಯ.

ಇವುಗಳಲ್ಲಿ ಬುಡವೇ ಮುಖ್ಯವಾದುದು. ಸೊಂಟದ ಪಟ್ಟಿಯ ನೆಲೆಗಟ್ಟು 5,000 ಪೌಂಡ್, ಅಂದರೆ ಸುಮಾರು 2,270 ಕಿಲೋ ಭಾರದಷ್ಟು ಎಳೆತವನ್ನು ತಾಳಬೇಕೆಂದು ಅಮೆರಿಕದ ಮಾನಕ ವಿಧಿಸಿದೆ. ಪ್ಲೈವುಡ್ ಹಲಗೆಗೆ ಮರದ ತಿರುಪುಮೊಳೆಯಿಂದ ಬಿಗಿದ ಪಟ್ಟಿ ಈ ಎಳೆತಕ್ಕೆ ಹಲಗೆಯ ಸಮೇತ ಕಿತ್ತುಬರುವುದು ನಿಶ್ಚಿತ. ಮನೆಯಲ್ಲಿಯೇ ಹೊಂದಿಸಿದ ಮರದ ಬೆಂಚು ಕುಳಿತು ಉಣ್ಣಲು ತಕ್ಕದ್ದಾದರೂ ಪ್ರಯಾಣದ ಆಸನವಾಗಲಾರದು. ಪಟ್ಟಿಯ ಬೋಲ್ಟುಗಳು ವಾಹನದ ಉಕ್ಕಿನ ಚೌಕಟ್ಟಿಗಾಗಲಿ, ಕೆಳಗೆ ಉಕ್ಕಿನ ಫಲಕವನ್ನಿಟ್ಟು ಬಲಪಡಿಸಿದ ಲೋಹದ ನೆಲಕ್ಕಾಗಲಿ ಸೇರಿರಬೇಕು. ಮೂರು ಬಿಂದುಗಳ ಪಟ್ಟಿಯೊಡನೆ ಕಾರ್ಖಾನೆಯಲ್ಲಿಯೇ ತಯಾರಾಗಿ ಪರೀಕ್ಷೆಗೊಳಪಟ್ಟ ಆಸನಗಳನ್ನು ತಯಾರಕರ ಸೂಚನೆಯಂತೆ ಕೂರಿಸುವುದು ಉತ್ತಮ ಮಾರ್ಗ. ಈ ಕಾರ್ಯವನ್ನು ಬಲ್ಲ ತಂತ್ರಜ್ಞರಿಂದಲೇ ಮಾಡಿಸತಕ್ಕದ್ದು. ನೆಲಹಾಸು, ಕಪಾಟುಗಳೆಲ್ಲ ಮುಗಿದ ಬಳಿಕ ಆಸನದ ಯೋಚನೆ ಮಾಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮಗು ಎಲ್ಲಿ ಕುಳಿತುಕೊಳ್ಳುವುದೆಂಬುದು ಮೊದಲು ನಿರ್ಧಾರವಾಗಲಿ. ಒಲೆಯ ಸ್ಥಳ ಅನಂತರ ನಿರ್ಧಾರವಾಗಲಿ.

ಮಗುವಿನ ಆಸನವನ್ನು ವಾಹನದ ಪಕ್ಕಕ್ಕೆ ಮುಖಮಾಡಿದ ಆಸನದ ಮೇಲೆ ಎಂದಿಗೂ ಇರಿಸಬಾರದು. ಅಂತಹ ಬಳಕೆಗಾಗಿ ಅದು ತಯಾರಾಗಿಲ್ಲ, ಪರೀಕ್ಷೆಗೂ ಒಳಪಟ್ಟಿಲ್ಲ. ಶಿಶುವಿನ ತಲೆ ಭಾರವಾಗಿದ್ದು ಕುತ್ತಿಗೆ ಎಳೆಯದಾಗಿರುತ್ತದೆ. ಹಿಮ್ಮುಖವಾಗಿ ಕುಳಿತ ಶಿಶುವಿನ ತಲೆ, ಕುತ್ತಿಗೆ ಮತ್ತು ಬೆನ್ನಿಗೆ ಆಸನದ ಚಿಪ್ಪು ಒಟ್ಟಾಗಿ ಆಧಾರ ನೀಡುತ್ತದೆ. ಆದುದರಿಂದ ಆಸನದ ತಯಾರಕರು ಸೂಚಿಸಿದ ತೂಕ ಮತ್ತು ಎತ್ತರದ ಮಿತಿಯವರೆಗೂ ಮಗುವನ್ನು ಹಿಮ್ಮುಖವಾಗಿಯೇ ಕುಳ್ಳಿರಿಸಬೇಕೆಂದು ಅಮೆರಿಕದ ಶಿಶುವೈದ್ಯರ ಅಕಾಡೆಮಿ 2018ರಲ್ಲಿ ಸಲಹೆ ನೀಡಿತು. ಮುಂದೆ ಗಾಳಿಚೀಲವಿರುವ ಸ್ಥಳದಲ್ಲಿ ಹಿಮ್ಮುಖ ಆಸನವನ್ನು ಇಡುವುದು ಪ್ರಾಣಾಪಾಯಕರ. ಮುಮ್ಮುಖ ಆಸನಕ್ಕೆ ಮೇಲ್ಭಾಗದ ಕಟ್ಟುಪಟ್ಟಿಯಿದ್ದಲ್ಲಿ ಅದಕ್ಕೂ ಬಲವಾದ ಕೊಂಡಿ ಬೇಕು. ಅದು ಮಗುವಿನ ತಲೆ ಮುಂದಕ್ಕೆ ಚಾಚುವುದನ್ನು ತಗ್ಗಿಸುತ್ತದೆ. ಬಿಗಿದ ಆಸನವನ್ನು ಪಟ್ಟಿ ಹಾಯುವ ಸ್ಥಳದಲ್ಲಿ ಹಿಡಿದು ಅಲುಗಿಸಿದಾಗ ಅದು ಒಂದು ಅಂಗುಲಕ್ಕಿಂತ ಹೆಚ್ಚು ಕದಲಬಾರದು. ಹಿಂದೆ ಅಪಘಾತಕ್ಕೀಡಾಯಿತೋ ಇಲ್ಲವೋ ತಿಳಿಯದ ಹಳೆಯ ಆಸನವನ್ನು ಬಳಸದಿರುವುದೇ ಲೇಸು.

ಮಗುವಿನ ಸುತ್ತಲಿನ ವಸ್ತುಗಳೂ ಗಮನಾರ್ಹ. ಕಟ್ಟದೆ ಇಟ್ಟ ಬಾಣಲೆ, ಅನಿಲದ ಸಿಲಿಂಡರ್, ಬ್ಯಾಟರಿ, ಪುಸ್ತಕದ ಪೆಟ್ಟಿಗೆ ಇವೆಲ್ಲವೂ ಡಿಕ್ಕಿಯ ಕ್ಷಣದಲ್ಲಿ ವಾಹನದ ವೇಗದಲ್ಲಿಯೇ ಮುಂದಕ್ಕೆ ಹಾರುತ್ತವೆ. 200 ಲೀಟರಿನ ತೊಟ್ಟಿ ತುಂಬಿದ್ದಾಗ ನೀರೊಂದೇ 200 ಕಿಲೋ ತೂಗುತ್ತದೆಂಬುದನ್ನು ನೆನಪಿನಲ್ಲಿಡಬೇಕು. ಹಿಂಬದಿಯ ತುರ್ತು ಬಾಗಿಲಿಗೆ ಮಂಚವನ್ನು ಅಡ್ಡಲಾಗಿ ಹಾಕಬಾರದು. ಬಸ್ಸು ಚಲಿಸುತ್ತಿರುವಾಗ ಮಂಚದ ಮೇಲೆ ಯಾರೂ, ನಿದ್ರಿಸುವ ಮಗುವೂ ಸಹ, ಇರಕೂಡದು.

ಈ ವಿಷಯ ದೂರದೇಶದ್ದೆಂದು ಭಾವಿಸುವಂತಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಿಂದ ರಜೆಯಲ್ಲಿ ಊರಿಗೆ, ಜಾತ್ರೆಗೆ, ಯಾತ್ರೆಗೆ ಬಾಡಿಗೆ ವಾಹನದಲ್ಲಿ ಹೊರಡುವ ಕುಟುಂಬಗಳಲ್ಲಿ ಮಗು ಮಡಿಲಿನಿಂದ ಮಡಿಲಿಗೆ ಸಾಗುವುದು ಇಂದಿಗೂ ವಾಡಿಕೆ. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯ 194ಬಿ ಪ್ರಕರಣದಂತೆ, 14 ವರ್ಷ ತುಂಬದ ಮಗುವನ್ನು ಸುರಕ್ಷಾ ಪಟ್ಟಿಯಿಂದಾಗಲಿ, ಮಕ್ಕಳ ಸುರಕ್ಷಾ ಆಸನದಿಂದಾಗಲಿ ಭದ್ರಪಡಿಸದೆ ವಾಹನ ಓಡಿಸಿದವರಿಗೆ 1,000 ರೂಪಾಯಿ ದಂಡ ವಿಧಿಸಬಹುದು. ಇನ್ನು ವಾಹನದ ರಚನೆಯನ್ನು ತಯಾರಕರ ವಿವರಣೆಗೆ ಭಿನ್ನವಾಗಿ ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೂಲ ಕಾಯಿದೆಯ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. ಆದುದರಿಂದ ಹಳೆಯ ಬಸ್ಸನ್ನು ಮನೆಯಾಗಿಸುವ ಹಂಬಲವುಳ್ಳವರು ಕೆಲಸಕ್ಕೆ ಕೈಹಾಕುವ ಮುನ್ನವೇ ಸಾರಿಗೆ ಪ್ರಾಧಿಕಾರವನ್ನು ವಿಚಾರಿಸುವುದು ಅವಶ್ಯ.

ದಂಡಕ್ಕೆ ಅಂಜಿ ಕಟ್ಟುವ ಪಟ್ಟಿ ಪೊಲೀಸರು ಕಣ್ಮರೆಯಾದೊಡನೆ ಸಡಿಲವಾಗುತ್ತದೆ. ಕಾರಣ ತಿಳಿದು ಕಟ್ಟಿದ ಪಟ್ಟಿ ಊರು ತಲುಪುವವರೆಗೂ ಬಿಗಿಯಾಗಿರುತ್ತದೆ. ಹೊಸ ಆಸನದಲ್ಲಿ ಮಗು ಮೊದಲೆರಡು ದಿನ ಅಳಬಹುದು, ಹಟ ಹಿಡಿಯಬಹುದು. ಅಳುವ ಮಗುವನ್ನು ಸಮಾಧಾನಪಡಿಸಲು ದಾರಿಯ ಬದಿಯಲ್ಲಿ ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿ ಎತ್ತಿಕೊಳ್ಳಬಹುದು. ಮಡಿಲಿಗೆ ಅಲ್ಲಿ ಅವಕಾಶವಿದೆ. ಚಕ್ರ ಉರುಳುತ್ತಿರುವಷ್ಟು ಕಾಲ ಮಗುವಿನ ಸ್ಥಾನ ಅದರ ಆಸನವೇ ಆಗಿರಲಿ.