ಗ್ರಂಥಾಲಯ ಕೇಳುವವರದ್ದೂ ಹೌದು



ಗ್ರಂಥಾಲಯ ಸಪ್ತಾಹದ ಅಂಗವಾಗಿ ಇಂದು ಇಲ್ಲಿ ಗಮಕ ವಾಚನವಿದೆ, ಮಕ್ಕಳ ಚಿತ್ರ ಪ್ರದರ್ಶನವಿದೆ, ಕಿರುನಾಟಕವಿದೆ, ಕೊನೆಯಲ್ಲಿ ಕಥೆಯೊಂದರ ಓದು ಇದೆ. ಅವೆಲ್ಲಕ್ಕೂ ಮುನ್ನ ನಾವು ಕೆಲವು ಮಾತುಗಳನ್ನಾಡಬೇಕೆಂಬುದು ಸಂಘಟಕರ ಅಪೇಕ್ಷೆ. ಈ ವಿಷಯ ತಿಳಿದ ಹಿರಿಯರೊಬ್ಬರು ನಮ್ಮನ್ನು ದಾರಿಯಲ್ಲಿ ತಡೆದು, "ಗ್ರಂಥಾಲಯವೆಂದರೆ ಮೌನವಾಗಿ ಓದುವ ಸ್ಥಳ. ಅಲ್ಲಿ ಹಾಡು, ನಾಟಕಗಳಿಗೇನು ಕೆಲಸ?" ಎಂದು ಕೇಳಿದರು. ಪ್ರಶ್ನೆ ಪ್ರಾಮಾಣಿಕವಾದುದು. ಆದ್ದರಿಂದ ಅದಕ್ಕೆ ಉತ್ತರವನ್ನೇ ಇಂದಿನ ಭಾಷಣವಾಗಿ ಸಿದ್ಧಪಡಿಸಿಕೊಂಡು ಬಂದಿದ್ದೇವೆ.

ನಮ್ಮ ಕಡೆಯ ಸಣ್ಣ ಪಟ್ಟಣಗಳ ಯಾವುದಾದರೊಂದು ವಾಚನಾಲಯವನ್ನು ಬೆಳಗ್ಗೆ ಹನ್ನೊಂದು ಗಂಟೆಗೆ ಹೊಕ್ಕು ನೋಡಿರಿ. ಉದ್ದನೆಯ ಮೇಜು. ಅದರ ಸುತ್ತ ಪತ್ರಿಕೆಯ ಪುಟಗಳನ್ನು ಹಂಚಿಕೊಂಡು ಓದುತ್ತಿರುವ ನಿವೃತ್ತ ನೌಕರರು. ಮೂಲೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ನಾಲ್ಕಾರು ಯುವಕರು. ಇವರಾರ ಮೇಲೂ ನಮ್ಮ ದೂರಿಲ್ಲ. ಅವರು ಬರುತ್ತಿರುವುದರಿಂದಲೇ ಬಾಗಿಲು ತೆರೆದಿದೆ. ಆದರೆ ಆ ಮೇಜಿನ ಸುತ್ತ ಯಾರಿಲ್ಲ ಎಂಬುದನ್ನೂ ಗಮನಿಸಬೇಕಲ್ಲವೇ? ಗೃಹಿಣಿಯರಿಲ್ಲ. ಅಡಿಕೆ ಸುಲಿಯುವ ಹೆಂಗಸರಿಲ್ಲ, ಗಾರೆ ಕೆಲಸದವರಿಲ್ಲ. ಉರ್ದು ಶಾಲೆಯ ಮಕ್ಕಳಿಲ್ಲ. 'ಸಾರ್ವಜನಿಕ' ಎಂಬ ಪದ ಫಲಕದ ಮೇಲಿದೆ, ಸಾರ್ವಜನಿಕರಲ್ಲಿ ಹೆಚ್ಚಿನವರು ಫಲಕದ ಆಚೆಗಿದ್ದಾರೆ.

ಹೀಗೆ ಆಚೆ ಉಳಿದವರು ಗ್ರಂಥಾಲಯಕ್ಕೆ ಹಣ ಕೊಡದವರೇನಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ಬಂದುದು 1965ರಲ್ಲಿ. ಅದರ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ. ಬಾಡಿಗೆಯ ಮನೆಯಲ್ಲಿರುವ ವಿಧವೆ ತೆರುವ ಬಾಡಿಗೆಯಲ್ಲಿಯೂ ಆ ಆರು ಪೈಸೆಯ ಒಂದು ಪಾಲು ಅಡಗಿದೆ. ಆಕೆಗೆ ಅಕ್ಷರ ಬಾರದಿರಬಹುದು. ಅಕ್ಷರ ಬಾರದೆಂದು ಅವಳಿಗೆ ಕರದಲ್ಲಿ ವಿನಾಯಿತಿ ಸಿಕ್ಕಿಲ್ಲ. ವಸೂಲಾದ ಈ ಕರ ಗ್ರಂಥಾಲಯಗಳಿಗೆ ಸಕಾಲದಲ್ಲಿ ತಲುಪುವುದಿಲ್ಲವೆಂಬುದು ರಾಜ್ಯದಾದ್ಯಂತ ಕೇಳಿಬರುವ ಹಳೆಯ ದೂರು. ಅದು ಇನ್ನೊಂದು ಭಾಷಣಕ್ಕೆ ಸಾಕಾಗುವಷ್ಟು ದೊಡ್ಡ ವಿಷಯ, ಇಂದು ಬಿಡೋಣ.

ಅಕ್ಷರ ಬಾರದವರಿಗೆ ಪುಸ್ತಕದಿಂದ ಏನು ಪ್ರಯೋಜನ ಎಂದು ಕೇಳುವವರು ನಮ್ಮ ಸೀಮೆಯ ಚರಿತ್ರೆಯನ್ನು ಮರೆತಿದ್ದಾರೆ. 'ಜೈಮಿನಿ ಭಾರತ'ದ ಕವಿ ಲಕ್ಷ್ಮೀಶ ಇದೇ ಕಡೂರು ತಾಲ್ಲೂಕಿನ ದೇವನೂರಿನವನು. ಅವನ ಕಾವ್ಯ ಶತಮಾನಗಳ ಕಾಲ ಹಳ್ಳಿ ಹಳ್ಳಿಗಳಲ್ಲಿ ಬದುಕಿದ್ದು ಹೇಗೆ? ಅಚ್ಚಿನ ಪ್ರತಿಗಳಿಂದಲೇ? ಒಬ್ಬರು ರಾಗವಾಗಿ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ದಿನದ ದುಡಿಮೆ ಮುಗಿಸಿ ಬಂದವರು ಜಗಲಿಯಲ್ಲಿ ಕುಳಿತು ಕೇಳುತ್ತಿದ್ದರು. ಒಂದಕ್ಷರ ಬರೆಯಲು ಬಾರದವನಿಗೆ ಷಟ್ಪದಿಗಳು ಕಂಠಪಾಠವಾಗಿದ್ದವು. ನಾವು ಇಂದು ಗಮಕವೆಂದು ಕರೆದು ವೇದಿಕೆಯ ಮೇಲಿಟ್ಟಿರುವ ಕಲೆ ಅಂದು ಊರಿನ ಗ್ರಂಥಾಲಯವೇ ಆಗಿತ್ತು.

ಇದಕ್ಕೆ ವಿರುದ್ಧ ದಿಕ್ಕಿನ ಪ್ರಯಾಣವೂ ನಡೆದಿದೆ. ತರೀಕೆರೆ ಸೀಮೆಯ ಗೊಂಡೇದಹಳ್ಳಿಯಲ್ಲಿ 1930ರಲ್ಲಿ ಜನಿಸಿದ ಗೊ.ರು. ಚನ್ನಬಸಪ್ಪನವರು ಜನಪದ ಸಾಹಿತ್ಯದ ಸಂಗ್ರಹ ಮತ್ತು ಅಧ್ಯಯನಕ್ಕೆ ಆಯುಷ್ಯವನ್ನೇ ಸವೆಸಿ, 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದರು. ನೆರೆಯ ಸಕಲೇಶಪುರದ ಎಸ್.ಕೆ. ಕರೀಂಖಾನರು ಊರೂರು ಸುತ್ತಿ ಹಾಡುಗಳನ್ನು ಕಲೆಹಾಕಿ 'ಜಾನಪದ ಜಂಗಮ'ರೆನಿಸಿದರು. ಅವರೆಲ್ಲ ಕಿವಿಗೊಟ್ಟದ್ದು ಯಾರಿಗೆ? ಬೀಸುವ ಕಲ್ಲಿನ ಮುಂದೆ ಕುಳಿತ, ನಾಟಿ ಗದ್ದೆಯಲ್ಲಿ ಬಾಗಿದ, ಶಾಲೆಯ ಮೆಟ್ಟಿಲು ಹತ್ತದ ತಾಯಂದಿರಿಗೆ. ಆ ತಾಯಂದಿರ ಹಾಡುಗಳು ಗ್ರಂಥಗಳಾಗಿ ಕಪಾಟು ಸೇರಿದವು. ಹಾಡಿದವರ ಮೊಮ್ಮಕ್ಕಳು ಮಾತ್ರ ಆ ಕಪಾಟಿನ ಬಳಿ ಸುಳಿಯುತ್ತಿಲ್ಲ.

ಓದಿ ಹೇಳುವುದು, ಕೇಳಿ ತಿಳಿಯುವುದು ಕೇವಲ ನಮ್ಮ ಹಳ್ಳಿಗಳ ಪದ್ಧತಿಯೂ ಅಲ್ಲ. ಕ್ಯೂಬಾದ ಚುಟ್ಟದ ಕಾರ್ಖಾನೆಗಳಲ್ಲಿ 1865ರಿಂದ ಒಂದು ಸಂಪ್ರದಾಯ ಬೆಳೆದುಬಂತು. ಕಾರ್ಮಿಕರು ಎಲೆ ಸುತ್ತುತ್ತಿದ್ದರೆ ಎತ್ತರದ ಪೀಠದಲ್ಲಿ ಕುಳಿತ ಓದುಗನೊಬ್ಬ ಪತ್ರಿಕೆಯನ್ನೂ ಕಾದಂಬರಿಯನ್ನೂ ಗಟ್ಟಿಯಾಗಿ ಓದುತ್ತಿದ್ದ. ಅವನ ಸಂಬಳವನ್ನು ಕಾರ್ಮಿಕರು ತಮ್ಮ ಕೂಲಿಯಿಂದಲೇ ಕೊಡುತ್ತಿದ್ದರು. ಅಷ್ಟು ದೂರ ಹೋಗಬೇಕೆಂದಿಲ್ಲ. ಕಣ್ಣೂರಿನ ಬೀಡಿ ಶಾಲೆಗಳಲ್ಲಿ ಒಬ್ಬ ಪತ್ರಿಕೆ ಓದುತ್ತಿದ್ದರೆ ಉಳಿದವರು ಅವನ ಪಾಲಿನ ಬೀಡಿಯನ್ನೂ ಸುತ್ತಿಕೊಡುತ್ತಿದ್ದರು. ಕರಾವಳಿಯ ಬೀಡಿ ಮನೆಗಳನ್ನು ಬಲ್ಲವರಿಗೆ ಈ ಲೆಕ್ಕದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತರೀಕೆರೆಯಲ್ಲಿ ಅಡಿಕೆ ಸುಗ್ಗಿಯ ರಾತ್ರಿಗಳಲ್ಲಿ ಹತ್ತಾರು ಮಂದಿ ಒಟ್ಟಿಗೆ ಕುಳಿತು ಅಡಿಕೆ ಸುಲಿಯುತ್ತಾರೆ. ಕೈಗೆ ಕೆಲಸವಿದೆ, ಕಿವಿ ಬಿಡುವಾಗಿದೆ. ಈಗ ಆ ಕಿವಿಗಳನ್ನು ಮೊಬೈಲಿನ ಧಾರಾವಾಹಿ ಆಕ್ರಮಿಸಿಕೊಂಡಿದೆ.

'ಇಕ್ರಅ್' ಎಂಬ ಪದವನ್ನು ನಮ್ಮ ಸಮುದಾಯದ ಪ್ರತಿಯೊಂದು ಶೈಕ್ಷಣಿಕ ಸಮಾರಂಭದಲ್ಲಿಯೂ ಉಲ್ಲೇಖಿಸಲಾಗುತ್ತದೆ. ಉಲ್ಲೇಖಿಸಿ, 'ಓದು' ಎಂದು ಅರ್ಥ ಹೇಳಿ, ಊಟಕ್ಕೆ ಏಳಲಾಗುತ್ತದೆ. ಅರಬಿಯಲ್ಲಿ ಆ ಪದಕ್ಕೆ 'ಪಠಿಸು, ಓದಿ ಹೇಳು' ಎಂಬ ಅರ್ಥವೂ ಇದೆ ಎಂಬುದನ್ನು, ಅದನ್ನು ಮೊದಲು ಆಲಿಸಿದವರು ಓದು ಬರಹ ಕಲಿಯದ ಪ್ರವಾದಿವರ್ಯರು(ಸ) ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಈಗ ಆತ್ಮವಿಮರ್ಶೆಯ ಮಾತಿಗೆ ಬರೋಣ. ನಮ್ಮ ಸೀಮೆಯ ಮುಸ್ಲಿಮ್ ಮನೆಗಳಲ್ಲಿ ಹೆಚ್ಚಾಗಿ ದಖನಿ ಉರ್ದು ಆಡುತ್ತಾರೆ. ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಮಗು ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತದೆ. ಅದಕ್ಕೆ ಪಾಠ ಅರ್ಥವಾಗದೆಂದಲ್ಲ. ಬಾಯಿ ತೆರೆದರೆ ಉಳಿದವರು ನಗುತ್ತಾರೆಂಬ ಭಯ. ಆ ಭಯವನ್ನು ವ್ಯಾಕರಣದ ಪುಸ್ತಕ ಹೋಗಲಾಡಿಸದು. ಒಂದು ನಾಟಕದ ಪಾತ್ರ ಹೋಗಲಾಡಿಸುತ್ತದೆ. ಪಾತ್ರದ ಮಾತು ತನ್ನದಲ್ಲ, ಆದ್ದರಿಂದ ತಪ್ಪಾದರೆ ಅವಮಾನವೂ ತನ್ನದಲ್ಲ. ಹತ್ತು ಸಲ ಅಭ್ಯಾಸ ಮಾಡುವಷ್ಟರಲ್ಲಿ ಮಾತು ತನ್ನದಾಗಿಬಿಟ್ಟಿರುತ್ತದೆ. ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸಿಕೊಳ್ಳುವಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ನಮ್ಮ ನೆರೆಯ ಹಾಸನದ ಅದೇ ಲೇಖಕಿಯ ಕಥೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದವು. ಅಭಿನಂದನಾ ಸಭೆಗಳು ಬಹಳ ನಡೆದವು. ಆ ಕಥೆಗಳಲ್ಲಿರುವ ಹೆಣ್ಣುಮಕ್ಕಳಂಥವರಿಗೆ ಆ ಕಥೆಗಳನ್ನು ಯಾರಾದರೂ ಓದಿ ಹೇಳಿದರೇ?

ಕೆ.ಎಸ್. ನಿಸಾರ್ ಅಹಮದರನ್ನೇ ನೋಡಿರಿ. ಅವರ ಕವನ ಸಂಕಲನಗಳನ್ನು ಓದಿದವರು ಸಾವಿರಾರು ಇರಬಹುದು. ಆದರೆ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದೊಂದಿಗೆ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಬಂದ ಬಳಿಕ ಕವಿಯ ಹೆಸರು ತಿಳಿಯದವರ ಬಾಯಲ್ಲಿಯೂ ಆ ಕವಿತೆ ನೆಲೆಸಿತು. ಪುಸ್ತಕ ಹೋಗಲಾರದ ಮನೆಗಳಿಗೆ ದನಿ ಹೋಯಿತು.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಊರಿನ ವಾಚನಾಲಯದಲ್ಲಿ ನಾವು ಕೆಲವರು ಸೇರಿ ಉರ್ದು ಮತ್ತು ಕನ್ನಡದ ಕವಿಗೋಷ್ಠಿಯೊಂದನ್ನು ಏರ್ಪಡಿಸಿದೆವು. ಬ್ಯಾನರು, ಹಾರ, ಧ್ವನಿವರ್ಧಕ, ಚಹಾ ಎಲ್ಲವೂ ಅಚ್ಚುಕಟ್ಟಾಗಿತ್ತು. ಸಭಾಂಗಣ ತುಂಬಿತ್ತು. ಅರ್ಧ ಗಂಟೆ ಕಳೆದ ಮೇಲೆ ನೋಡುತ್ತೇವೆ, ಕಿಟಕಿಯ ಸರಳುಗಳ ಆಚೆ ಹತ್ತು ಹನ್ನೆರಡು ಹೆಂಗಸರು ನಿಂತಿದ್ದಾರೆ. ಸೊಂಟದಲ್ಲಿ ಮಗು, ಒಬ್ಬರ ಕೈಯಲ್ಲಿ ಹಾಲಿನ ಪಾತ್ರೆ. ಕವಿಗಳು ಒಳಗೆ 'ತಾಯಿ'ಯ ಮೇಲೆ ಕವಿತೆ ಓದುತ್ತಿದ್ದರು. ನಾವು ಕುರ್ಚಿಗಳನ್ನು ಎಣಿಸಿ ತರಿಸುವಾಗ ಅವರು ನಮ್ಮ ಎಣಿಕೆಯಲ್ಲಿಯೇ ಇರಲಿಲ್ಲ. ಯಾರೂ ಅವರನ್ನು ತಡೆದಿರಲಿಲ್ಲ, ಯಾರೂ ಕರೆದೂ ಇರಲಿಲ್ಲ. ಅಂದು ನಾವು ಎದ್ದು ಹೋಗಿ ಕರೆಯಲಿಲ್ಲ. ಕಾರ್ಯಕ್ರಮಕ್ಕೆ ಅಡ್ಡಿಯಾದೀತೆಂದು ಸುಮ್ಮನಿದ್ದೆವು. ಅಡ್ಡಿಯಾಗಿದ್ದರೆ ಏನಾಗುತ್ತಿತ್ತು?

ಹಿರಿಯರ ಪ್ರಶ್ನೆಗೆ ಮರಳೋಣ. ಮೌನ ಬೇಕು, ನಿಜ. ಪರೀಕ್ಷೆಗೆ ಓದುವ ಯುವಕನಿಗೆ ಮನೆಯಲ್ಲಿ ಸಿಗದ ಮೌನವನ್ನು ಕೊಡುವ ಏಕೈಕ ಸ್ಥಳ ಅದು. ಅವನ ಮೌನವನ್ನು ಕಸಿದು ನಾವು ಹಾಡು ಹಾಡಬೇಕಾಗಿಲ್ಲ. ಓದಿನ ವೇಳೆ ಮುಗಿದ ಮೇಲೆ, ವಾರಕ್ಕೊಂದು ಸಂಜೆ ಎರಡು ಗಂಟೆ ಸಾಕು. ಈ ವಿಚಾರ ನಮ್ಮ ಕಲ್ಪನೆಯೇನೂ ಅಲ್ಲ. ಬರೋಡಾದ ಮಹಾರಾಜ ಸಯಾಜಿರಾವ್ ಅವರು 1910ರ ಬಳಿಕ ಕಟ್ಟಿದ ಗ್ರಂಥಾಲಯ ವ್ಯವಸ್ಥೆಯಲ್ಲಿ ಹಳ್ಳಿಗರಿಗೆ ಉಚಿತವಾಗಿ ಚಲನಚಿತ್ರ ತೋರಿಸುವ ವಿಭಾಗವೊಂದಿತ್ತು. ಗ್ರಂಥಗಳಿರುವುದು ಉಪಯೋಗಕ್ಕಾಗಿ ಎಂಬುದನ್ನು ತಮ್ಮ ಮೊದಲ ಸೂತ್ರವಾಗಿ 1931ರಲ್ಲಿ ಪ್ರಕಟಿಸಿದ ಎಸ್.ಆರ್. ರಂಗನಾಥನ್ ಅವರು ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಯುನೆಸ್ಕೋದ 1994ರ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ಪ್ರದರ್ಶನ ಕಲೆಗಳನ್ನು ಜನರಿಗೆ ಒದಗಿಸುವುದನ್ನು ಗ್ರಂಥಾಲಯದ ಕರ್ತವ್ಯಗಳಲ್ಲಿ ಸೇರಿಸಿದೆ. ನಮ್ಮ ರಾಜ್ಯದಲ್ಲಿಯೂ ಗ್ರಾಮ ಪಂಚಾಯತ್ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗಾವಣೆಗೊಂಡವು. ಮರುವರ್ಷ ನವೆಂಬರ್ 14ರಂದು, ಶಾಲೆಗಳು ಮುಚ್ಚಿದ್ದ ಕೊರೋನಾ ಕಾಲದಲ್ಲಿ, ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ 'ಓದುವ ಬೆಳಕು' ಆರಂಭವಾಯಿತು. ಅಂದರೆ ಸರಕಾರಿ ಆದೇಶದ ಬಲವೂ ಇದೆ. ಇಲ್ಲದಿರುವುದು ಸಂಜೆ ಬಾಗಿಲು ತೆರೆದು ಕುಳಿತುಕೊಳ್ಳುವ ಊರಿನವರು.

ಸಮುದಾಯದೊಳಗಿನಿಂದ ಬರುವ ಇನ್ನೊಂದು ಆಕ್ಷೇಪವಿದೆ. ಸಂಗೀತ, ಅಭಿನಯಗಳ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಅವುಗಳ ತೀರ್ಪು ನೀಡಲು ನಾವು ಇಲ್ಲಿ ನಿಂತಿಲ್ಲ. ಮದುವೆ ಮಂಟಪದ ಡಿ.ಜೆ. ಅಬ್ಬರಕ್ಕೆ ಏಳದ ಆಕ್ಷೇಪ ಗ್ರಂಥಾಲಯದ ಗಮಕಕ್ಕೆ ಏಳುವುದೇಕೆಂದು ಮಾತ್ರ ಕೇಳಬಯಸುತ್ತೇವೆ. ಒಪ್ಪಿಗೆಯಾಗದವರು ಕಥಾವಾಚನಕ್ಕೆ ಬರಲಿ, ಚಿತ್ರಕಲೆಗೆ, ಲಿಪಿಕಲೆಗೆ ಮಕ್ಕಳನ್ನು ಕಳುಹಿಸಲಿ. ಆಯ್ಕೆಗೆ ಕೊರತೆಯಿಲ್ಲ.

ಇದೆಲ್ಲಕ್ಕೂ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಅರ್ಥವಿದೆ. ಬಾಬಾಬುಡನ್‌ಗಿರಿಯ ವಿವಾದ ಭುಗಿಲೆದ್ದ ಮೇಲೆ ಚಿಕ್ಕಮಗಳೂರಿನ ಡಿಸೆಂಬರ್ ಎಂದರೆ ಪೊಲೀಸ್ ಬಂದೋಬಸ್ತ್ ಎಂದಾಯಿತು. ಜೊತೆಯಾಗಿ ವೀರಗಾಸೆ ನೋಡುತ್ತಿದ್ದವರು, ಒಂದೇ ಸಂತೆಯಲ್ಲಿ ತೆಂಗಿನಕಾಯಿ ಮಾರುತ್ತಿದ್ದವರು ಪರಸ್ಪರರ ಬಗ್ಗೆ ಮೊಬೈಲಿನಿಂದ ತಿಳಿದುಕೊಳ್ಳುವ ಸ್ಥಿತಿ ಬಂದಿದೆ. ಎಲ್ಲ ಜಾತಿ ಧರ್ಮದವರೂ ಆಮಂತ್ರಣಪತ್ರವಿಲ್ಲದೆ ಒಂದೇ ಸೂರಿನಡಿ ಕುಳಿತುಕೊಳ್ಳಬಹುದಾದ ಕಟ್ಟಡಗಳು ನಮ್ಮ ಊರುಗಳಲ್ಲಿ ಎಷ್ಟಿವೆ, ಲೆಕ್ಕ ಹಾಕಿರಿ. ಬಸ್ ನಿಲ್ದಾಣ, ಆಸ್ಪತ್ರೆ, ಗ್ರಂಥಾಲಯ. ಮೊದಲೆರಡರಲ್ಲಿ ಯಾರೂ ಸಂತೋಷದಿಂದ ಕುಳಿತಿರುವುದಿಲ್ಲ.

ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು ತಾವು ಶಾಲೆ ಕಲಿಯಲಾಗದಿದ್ದರೂ ನೆರೆಹೊರೆಯವರು ಓದಲೆಂದು ಕನ್ನಡ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲಿನಲ್ಲಿ ಅದು ಬೆಂಕಿಗೆ ಆಹುತಿಯಾಗಿ ಸುಮಾರು 11,000 ಪುಸ್ತಕಗಳು ಬೂದಿಯಾದವು. ನಾಡಿನ ಎಲ್ಲ ಧರ್ಮದವರೂ ಪುಸ್ತಕ, ಹಣ ಕಳುಹಿಸಿದರು. ಅಕ್ಷರ ವಂಚಿತರೊಬ್ಬರು ಊರಿಗೆ ಗ್ರಂಥಾಲಯ ಕಟ್ಟಬಲ್ಲರಾದರೆ, ಈಗಾಗಲೇ ಕಟ್ಟಿರುವ ಗ್ರಂಥಾಲಯದಲ್ಲಿ ಒಂದು ಸಂಜೆ ದೀಪ ಹಚ್ಚಲು ಅಕ್ಷರಸ್ಥರಾದ ನಮಗೇನು ಕಷ್ಟ?

ನಮ್ಮ ಮಾತು ಉದ್ದವಾಯಿತು. ಇಂದು ಕೊನೆಯಲ್ಲಿ ಓದಲಿರುವ ಕಥೆಯ ಕುರಿತು ಒಂದು ಮಾತು ಹೇಳಿ ಮುಗಿಸುತ್ತೇವೆ. ಈಗ ತಾಲ್ಲೂಕು ಕೇಂದ್ರವಾಗಿರುವ ಅಜ್ಜಂಪುರವನ್ನು ತಮ್ಮ ಹೆಸರಿನಲ್ಲಿಯೇ ಹೊತ್ತುಕೊಂಡಿದ್ದ ಅಜ್ಜಂಪುರ ಸೀತಾರಾಮ್, ಅಂದರೆ 'ಆನಂದ'ರು ಬರೆದ 'ನಾನು ಕೊಂದ ಹುಡುಗಿ' ಆ ಕಥೆ. ಹಳ್ಳಿಗೆ ಬಂದ ವಿದ್ಯಾವಂತನೊಬ್ಬ, ದೇವರ ಹೆಸರಿನಲ್ಲಿ ಬಿಡಲ್ಪಟ್ಟ ಹುಡುಗಿಗೆ ಅವಳ ಬಾಳು ತಪ್ಪೆಂದು ಮನಗಾಣಿಸುತ್ತಾನೆ. ಅವನ ಮಾತಿನಲ್ಲಿ ಒಂದೂ ಸುಳ್ಳಿಲ್ಲ. ಆದರೂ ಹುಡುಗಿ ಉಳಿಯುವುದಿಲ್ಲ. ಸುಧಾರಣೆಯ ಹೆಸರಿನಲ್ಲಿ ಮಾತನಾಡುವ ನಮ್ಮಂಥವರು ಈ ಕಥೆಯನ್ನು ಒಬ್ಬರೇ ಕುಳಿತು ಓದಿದರೆ ಸಾಲದು, ಹೆಣ್ಣುಮಕ್ಕಳ ನಡುವೆ ಕುಳಿತು ಕೇಳಬೇಕು.

ಓದುವ ವಿದ್ಯಾರ್ಥಿನಿ ಸಿದ್ಧಳಾಗಿದ್ದಾಳೆ. ಈ ವಿಸ್ತಾರವಾದ ಸಭಾಂಗಣದಲ್ಲಿ ಮುಂದಿನ ಎರಡು ಸಾಲಿನ ಕುರ್ಚಿಗಳು ಇನ್ನೂ ಖಾಲಿ ಇವೆ, ಅವನ್ನು ಖಾಲಿ ಬಿಡಿಸಿರುವುದು ನಾವೇ. ಬಾಗಿಲಿನ ಬಳಿ ಮಕ್ಕಳನ್ನೆತ್ತಿಕೊಂಡು ನಿಂತಿರುವ ಸಹೋದರಿಯರು ದಯವಿಟ್ಟು ಒಳಗೆ ಬನ್ನಿರಿ. ಮಗು ಅತ್ತರೆ ಅಳಲಿ, ನಾವು ಕಾಯುತ್ತೇವೆ.